ಚೈತ್ರದ ಹಿತ್ತಲಿಗೆ ಎರಡು ಕೊಡ ನೀರು

ಪಂಚಾಂಗದ ಪ್ರಕಾರ ಚೈತ್ರ, ವೈಶಾಖಗಳು ವಸಂತ ಋತು. ಮಾವು ಚಿಗುರುವ, ಕೋಗಿಲೆ ಕೂಗುವ, ಬೇವು ಹೂ ಬಿಡುವ ಕಾಲ. ಕವಿಗಳು ಸಾವಿರ ವರ್ಷಗಳಿಂದ ಈ ಎರಡು ತಿಂಗಳನ್ನು ಹಾಡಿ ಹೊಗಳಿದ್ದಾರೆ. ಆದರೆ ಇವೇ ಎರಡು ತಿಂಗಳುಗಳಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆಲ್ಲ ಗುಡ್ಡದ ಬಂಡೆಗಳು ಕಾದು ಹಂಚಾಗುತ್ತವೆ, ಮಧ್ಯಾಹ್ನ ಓಣಿಯಲ್ಲಿ ನರಪಿಳ್ಳೆ ಕಾಣುವುದಿಲ್ಲ. ಇಂಥ ವಸಂತದಲ್ಲಿ ಮನೆಯ ಹಿತ್ತಲಿನ ಹೂಗಿಡಗಳನ್ನು ನೋಡಿಕೊಳ್ಳುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನಾನು ಮೂರು ಗುಲಾಬಿ ಗಿಡಗಳನ್ನು ಬಲಿಕೊಡಬೇಕಾಯಿತು. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಊರಿಗೆ ಬಂದ ಹೊಸತು. ಯುಗಾದಿಯ ಹಿಂದಿನ ದಿನ ತಳ್ಳುಗಾಡಿಯಲ್ಲಿ ಮಾರಲು ಬಂದ ಗುಲಾಬಿ ಸಸಿಗಳನ್ನು ಕೊಂಡೆ. ಕೈದೋಟದ ಪುಸ್ತಕವೊಂದರಲ್ಲಿ 'ವಸಂತವೇ ನಾಟಿಗೆ ಸಕಾಲ' ಎಂದು ಓದಿದ್ದೆ. ಗುಂಡಿ ತೋಡುತ್ತಿದ್ದಾಗ ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು, "ಈಗ ಹಚ್ಚಬ್ಯಾಡವ್ವಾ, ಮಿರಗ ಕೂಡ್ಲಿ" ಎಂದಳು. ಪುಸ್ತಕ ಓದಿದವಳು ನಾನು, ಕೇಳಲಿಲ್ಲ. ದಿನಕ್ಕೆರಡು ಬಾರಿ ನೀರೆರೆದರೂ ಮೂರನೆಯ ವಾರದ ಹೊತ್ತಿಗೆ ಮೂರೂ ಗಿಡಗಳು ಕಡ್ಡಿಗಳಾಗಿ ನಿಂತಿದ್ದವು. ಅಜ್ಜಿ ಏನೂ ಅನ್ನಲಿಲ್ಲ. ಗುಂಡಿಯ ಗೊಬ್ಬರದ ಮಣ್ಣನ್ನು ಕೆದರಿ ತನ್ನ ಅಬ್ಬಲಿಗೆ ಗಿಡಗಳ ಬುಡಕ್ಕೆ ಏರಿಸಿದಳು, ಅಷ್ಟೆ.

ಪುಸ್ತಕ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ಬೇರೆ ಯಾವುದೋ ಊರಿನ ವಸಂತದ ಮಾತು.

ಯಾರ ವಸಂತ?

ಯುರೋಪಿನ ದೇಶಗಳಲ್ಲಿ ಗಿಡಗಳ ಶತ್ರು ಚಳಿ. ಅಲ್ಲಿ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುತ್ತದೆ, ಬೇರಿಗೆ ನೀರು ಸಿಗುವುದಿಲ್ಲ, ಮರಗಳು ಎಲೆ ಉದುರಿಸಿ ನಿದ್ದೆಗೆ ಜಾರುತ್ತವೆ. ಮಾರ್ಚ್–ಏಪ್ರಿಲ್‌ನಲ್ಲಿ ಹಿಮ ಕರಗಿ ನೆಲ ಹದವಾಗುತ್ತದೆ. ಹೀಗಾಗಿ ವಸಂತವೆಂದರೆ ಅವರಿಗೆ ಬಿತ್ತನೆಯ ಕಾಲ. ನಮ್ಮ ಬಯಲು ಸೀಮೆಯಲ್ಲಿ ಗಿಡಗಳ ಕೈಕಟ್ಟುವುದು ಚಳಿಯಲ್ಲ, ನೀರು. ಕೊಪ್ಪಳ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಬಿದ್ದು ಮುಗಿಯುತ್ತದೆ. ಚೈತ್ರದ ಹೊತ್ತಿಗೆ ನೆಲ ಐದು ತಿಂಗಳ ಹಸಿದ ನೆಲ. ಅಂದ ಮೇಲೆ ನಮ್ಮ ನಾಟಿಯ ಕಾಲ ಮೃಗಶಿರಾ ಮಳೆ ಕೂಡುವ ಜೂನ್ ಮೊದಲ ವಾರವೇ ಹೊರತು ಯುಗಾದಿಯಲ್ಲ. ಬ್ರಿಟಿಷರ ಕಾಲದಲ್ಲಿ ತಮ್ಮ ದೇಶದ ಹೂಬೀಜ ತಂದು ಬಂಗಲೆಯ ಮುಂದೆ ಬಿತ್ತಿದ ದೊರೆಗಳಿಗೂ ಈ ಪಾಠವಾಯಿತು. ತಮ್ಮ ದೇಶದಲ್ಲಿ ಏಪ್ರಿಲ್‌ನಲ್ಲಿ ಬಿತ್ತುವ ಬೀಜವನ್ನು ಇಲ್ಲಿ ಅಕ್ಟೋಬರ್‌ನಲ್ಲಿ ಬಿತ್ತಬೇಕೆಂದು ಅವರು ಕಲಿತರು.

ಗಿಡಗಳಿಗೂ ತಮ್ಮದೇ ಪಂಚಾಂಗವಿದೆ. ಸೇವಂತಿಗೆಯನ್ನು ನೋಡಿ. ಅದು ಹೂ ಬಿಡುವುದು ಚಳಿಗೆ ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಅಳೆಯುವುದು ರಾತ್ರಿಯ ಉದ್ದವನ್ನು. ಹಗಲು-ರಾತ್ರಿಗಳ ಉದ್ದಕ್ಕೂ ಹೂ ಬಿಡುವುದಕ್ಕೂ ನಂಟಿದೆಯೆಂದು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ತಂಬಾಕು, ಸೋಯಾ ಗಿಡಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಲಂಡನ್ನಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಒಂಬತ್ತು ಗಂಟೆಗಳ ಅಂತರ. ನಮ್ಮಲ್ಲಿ ಅದು ಎರಡು ಗಂಟೆಯೂ ಇಲ್ಲ. ಆದರೂ ಅಷ್ಟು ಸಣ್ಣ ವ್ಯತ್ಯಾಸವನ್ನು ಸೇವಂತಿಗೆ ಗುರುತಿಸುತ್ತದೆ. ಹಗಲು ಹಿಗ್ಗುವ ಚೈತ್ರದಲ್ಲಿ ನೀವು ಎಷ್ಟೇ ಗೊಬ್ಬರ ಸುರಿದರೂ ಅದು ಎಲೆಯನ್ನಷ್ಟೇ ಕೊಡುತ್ತದೆ. ಸಂಕ್ರಾಂತಿಯ ನಂತರ ಗಿಡವನ್ನು ಮೋಟಾಗಿ ಕತ್ತರಿಸಿ, ಬುಡದಲ್ಲಿ ಬರುವ ಮರಿಗಳನ್ನು ನೆರಳಿನಲ್ಲಿ ಸಾಯದಂತೆ ಕಾಪಾಡಿಕೊಂಡರೆ ಸಾಕು. ಮಳೆ ಬಿದ್ದ ಮೇಲೆ ಮರಿ ಬಿಡಿಸಿ ನೆಡಬಹುದು. ಮುಂದಿನ ಹೂವು ಮುಂದಿನ ಉದ್ದ ರಾತ್ರಿಗಳಿಗೆ.

ಇದಕ್ಕಿಂತ ಸೊಗಸಾದ ಲೆಕ್ಕ ಅಬ್ಬಲಿಗೆಯದು. ಬೆಂಗಳೂರಿನ ಕಡೆಯವರು ಕನಕಾಂಬರ ಎನ್ನುವ ಹೂವನ್ನು ನಮ್ಮ ಕಡೆ ಅಬ್ಬಲಿಗೆ ಎನ್ನುವುದು ರೂಢಿ. ಅದರ ಒಣಗಿದ ಕಾಯಿಯನ್ನು ನೀರಿನ ಬಟ್ಟಲಿಗೆ ಹಾಕಿ ಕಾದರೆ 'ಚಟ್' ಎಂದು ಸಿಡಿಯುತ್ತದೆ. ನಾವೆಲ್ಲ ಶಾಲೆಗೆ ಹೋಗುವಾಗ ಆಡಿದ ಆಟ ಇದು. ನಾಲಗೆಯ ಮೇಲಿಟ್ಟುಕೊಂಡು ಸಿಡಿಸುವ ಧೈರ್ಯಶಾಲಿಗಳೂ ಇದ್ದರು. ಆಟದ ಹಿಂದೆ ಗಿಡದ ಜಾಣತನವಿದೆ. ಒಣಗಿದ ಕಾಯಿ ಬಿಸಿಲಿಗೆ ಬಾಯಿ ಬಿಡುವುದಿಲ್ಲ, ಬೀಜವನ್ನು ಹಿಡಿದುಕೊಂಡು ಕೂರುತ್ತದೆ. ತೇವ ತಗುಲಿದಾಗ ಮಾತ್ರ ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ನೆಲ ಒದ್ದೆಯಾಗದೆ ಬಿತ್ತುವುದಿಲ್ಲ ಎಂಬ ಹಟ ಅದಕ್ಕೂ ಇದೆ.

ಹೀಗಾಗಿ ನಮ್ಮ ಸೀಮೆಯಲ್ಲಿ ವಸಂತದ ಕೆಲಸ ಹೊಸ ಗಿಡ ಹಚ್ಚುವುದಲ್ಲ, ಇದ್ದ ಗಿಡವನ್ನು ಮಿರಗದವರೆಗೆ ಮುಟ್ಟಿಸುವುದು.

ನೀರಿನ ಲೆಕ್ಕ

ಇದಕ್ಕೆ ಎಷ್ಟು ನೀರು ಬೇಕು? ಸುಡುಬೇಸಿಗೆಯಲ್ಲಿ ನಮ್ಮ ಕಡೆ ತೆರೆದ ಪಾತ್ರೆಯಿಂದ ದಿನಕ್ಕೆ 8ರಿಂದ 10 ಮಿಲಿಮೀಟರಿನಷ್ಟು ನೀರು ಆವಿಯಾಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಗಿಡದ ಬುಡದಲ್ಲಿ ಎರಡು ಅಡಿ ಅಗಲದ ದುಂಡನೆಯ ಪಾತಿ ಮಾಡಿದ್ದೀರಿ ಎನ್ನಿ. ಅದರ ವಿಸ್ತೀರ್ಣ ಚದರ ಮೀಟರಿನ ಮೂರನೆಯ ಒಂದು ಭಾಗಕ್ಕೂ ತುಸು ಕಡಿಮೆ. ಅಂದರೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಗಿಡದ ಪಾಲು. ಹತ್ತು ಗಿಡಗಳಿಗೆ 25 ಲೀಟರ್, ಎರಡು ಕೊಡ.

ಎರಡು ಕೊಡ ಎಂಬುದು ಓದಲು ಸಣ್ಣದು. ನಲ್ಲಿ ಬರುವ ದಿನಗಳ ನಡುವಿನ ಅಂತರ ಹಿಗ್ಗುವ ಏಪ್ರಿಲ್‌ನಲ್ಲಿ, ಓಣಿಯ ಟ್ಯಾಂಕಿನ ಮುಂದೆ ಸಾಲು ನಿಂತು ತಂದ ಎರಡು ಕೊಡವನ್ನು ಹೂಗಿಡಕ್ಕೆ ಸುರಿಯುವುದು ಯಾವ ಮನೆಯಲ್ಲೂ ಆಗದ ಮಾತು, ಆಗಲೂಬಾರದು. ಆದ್ದರಿಂದಲೇ ನಮ್ಮ ಹಿತ್ತಲುಗಳು ಒಮ್ಮೆ ಬಳಸಿದ ನೀರಿನ ಮೇಲೆ ಬದುಕಿವೆ. ಐದು ಜನರ ಮನೆಯಲ್ಲಿ ಸ್ನಾನಕ್ಕೆ ಐದು ಬಕೆಟ್ ಎಂದರೂ 75 ಲೀಟರಿಗೆ ಕಡಿಮೆಯಿಲ್ಲ. ಹಿತ್ತಲಿಗೆ ಬೇಕಾದದ್ದು ಅದರ ಮೂರನೆಯ ಒಂದು ಪಾಲು.

ಹಳೆಯ ಮನೆಗಳ ಹಿತ್ತಲನ್ನು ಗಮನಿಸಿದರೆ ಗಿಡಗಳು ಅಲ್ಲಲ್ಲಿ ನಿಂತದ್ದು ಅಂದಕ್ಕಾಗಿ ಅಲ್ಲ ಎಂಬುದು ತಿಳಿಯುತ್ತದೆ. ಬಚ್ಚಲ ಮೋರಿ ಹೊರಬೀಳುವ ಕಡೆ ಬಾಳೆ, ಕೆಸು, ಕಣಗಿಲೆ. ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ದಾಸವಾಳ. ಅಡುಗೆಮನೆಯ ಬಾಗಿಲ ಹತ್ತಿರ, ಅಕ್ಕಿ-ಬೇಳೆ ತೊಳೆದ ನೀರು ಸುಲಭವಾಗಿ ಸಿಗುವ ಕಡೆ, ಮಲ್ಲಿಗೆ ಮತ್ತು ಅಬ್ಬಲಿಗೆ. ತುಳಸಿಗೆ ಮಾತ್ರ ಹೊಸ ನೀರು, ಅದೂ ಒಂದು ತಂಬಿಗೆ. ದೇವರಿಗೆ ಏರುವ ಹೂವಿಗೆ ಬಚ್ಚಲ ನೀರು ಸಲ್ಲದು ಎಂಬ ಮಡಿಯೂ ಇದರಲ್ಲಿದೆ, ಸಾಬೂನಿನ ಬಗೆಗಿನ ಅನುಭವವೂ ಇದೆ. ಹಿಂದೆ ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಕಾಯಿ, ಪಾತ್ರೆಗೆ ಬೂದಿ ಬಳಸುತ್ತಿದ್ದಾಗ ನೀರಿನಲ್ಲಿ ಗಿಡಕ್ಕೆ ಕೇಡಾಗುವಂಥದ್ದು ಕಡಿಮೆ ಇತ್ತು. ಇಂದಿನ ಬಟ್ಟೆ ತೊಳೆಯುವ ಪುಡಿಯಲ್ಲಿ ಸೋಡಿಯಂ ಲವಣಗಳು ಹೆಚ್ಚು. ಅವು ಮಣ್ಣಿನ ಕಣಗಳನ್ನು ಬಿಗಿಯಾಗಿಸಿ ನೀರು ಇಂಗದಂತೆ ಮಾಡುತ್ತವೆ. ಬಟ್ಟೆ ಒಗೆದ ನೀರನ್ನು ಹೂಗಿಡಕ್ಕೆ ಹಾಕದಿರುವುದೇ ಲೇಸು. ಸ್ನಾನದ ನೀರನ್ನು ಹಾಕಬಹುದು. ಆದರೆ ಒಂದೇ ಗಿಡಕ್ಕೆ ನಿತ್ಯವೂ ಬೇಡ, ನಡುನಡುವೆ ಒಳ್ಳೆಯ ನೀರೂ ಬೀಳಬೇಕು.

ಎರೆಯುವ ಹೊತ್ತೂ ಮುಖ್ಯ. ಮಾಳಿಗೆಯ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಇಡಲಾಗದಷ್ಟು ಕಾದಿರುತ್ತದೆ. ಅದನ್ನೇ ಪೈಪಿನಿಂದ ಬಿಟ್ಟು 'ನೀರು ಹಾಕಿದರೂ ಗಿಡ ಬಾಡಿತು' ಎನ್ನುವವರಿದ್ದಾರೆ. ಗಿಡ ಬಾಡಿದ್ದಲ್ಲ, ಬೇರು ಬೆಂದದ್ದು. ಬೆಳಗಿನ ಜಾವ ಅಥವಾ ನೆಲ ಆರಿದ ಮೇಲೆ ಸಂಜೆ ಎರೆಯಬೇಕು.

ಎರೆದ ನೀರು ಹಾರಿಹೋಗದಂತೆ ಬುಡಕ್ಕೆ ಹೊದಿಕೆ ಬೇಕು. ಈ ವಿಷಯದಲ್ಲಿ ನಮ್ಮ ಸೀಮೆ ಶ್ರೀಮಂತ. ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟಿಗೆ ಬರವಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಶೇಂಗಾ ಹೊಟ್ಟು ಸಿಗುತ್ತದೆ. ಬುಡದಿಂದ ನಾಲ್ಕು ಬೆರಳು ಬಿಟ್ಟು ಎರಡು-ಮೂರು ಅಂಗುಲ ದಪ್ಪಕ್ಕೆ ಹರಡಿದರೆ ದಿನ ಬಿಟ್ಟು ದಿನ ಎರೆದರೂ ನಡೆಯುತ್ತದೆ. ಗೆದ್ದಲು ಕಂಡರೆ ಬೇವಿನ ಹಿಂಡಿ ಬೆರೆಸಬೇಕು.

ಇನ್ನೊಂದು ಉಪಾಯ ಬಹಳ ಹಳೆಯದು. ಗಿಡದಿಂದ ಒಂದು ಗೇಣು ದೂರದಲ್ಲಿ ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ ಬಾಯಿಗೆ ಮುಚ್ಚಳವಿಡುವುದು. ಸುತ್ತಲ ಮಣ್ಣು ಒಣಗಿದಂತೆ ಗಡಿಗೆಯ ನೀರು ಜಿನುಗುತ್ತದೆ, ಮಣ್ಣು ತೇವವಾಗಿದ್ದರೆ ಜಿನುಗು ತಾನಾಗಿ ನಿಧಾನವಾಗುತ್ತದೆ. ಚೀನಾದಲ್ಲಿ ಕ್ರಿಸ್ತಪೂರ್ವ ಒಂದನೆಯ ಶತಮಾನದ ಫಾನ್ ಶೆಂಗ್‌ಜಿ ಎಂಬಾತನ ಕೃಷಿಗ್ರಂಥದಲ್ಲಿಯೇ ಈ ಪದ್ಧತಿಯ ವರ್ಣನೆ ಇದೆ. ಬೇಸಿಗೆ ಸಂತೆಯಲ್ಲಿ ಗಡಿಗೆಗಳೇನೋ ಬೇಕಾದಷ್ಟು ಬರುತ್ತವೆ. ಬಣ್ಣ ಬಳಿದದ್ದು, ಹೊಳಪು ಕೊಟ್ಟದ್ದು ಬೇಡ, ಅದು ಜಿನುಗುವುದಿಲ್ಲ. ಸೋರುತ್ತದೆಂದು ಮೂಲೆಗಿಟ್ಟ ಹಳೆಯ ಗಡಿಗೆ ಇದಕ್ಕೆ ಒಳ್ಳೆಯದು.

ನಾಲ್ಕು ತಾಲ್ಲೂಕು, ನಾಲ್ಕು ಬಗೆ

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಇದ್ದದ್ದು ಈ ನಾಲ್ಕೇ ತಾಲ್ಲೂಕುಗಳು. ಕುಕನೂರು, ಕನಕಗಿರಿ, ಕಾರಟಗಿ ಪ್ರತ್ಯೇಕ ತಾಲ್ಲೂಕುಗಳಾದದ್ದು ಈಚೆಗೆ. ಹಿತ್ತಲಿನ ಮಟ್ಟಿಗೆ ಹಳೆಯ ನಾಲ್ಕರ ಲೆಕ್ಕವೇ ಅನುಕೂಲ. ಏಕೆಂದರೆ ಮಣ್ಣು, ನೀರು ಎರಡೂ ಹಾದಿಗೊಂದು ರೀತಿಯಲ್ಲಿ ಬದಲಾಗುತ್ತವೆ.

ಯಲಬುರ್ಗಾ ಕಡೆ ಎರೆ ಭೂಮಿ ಹೆಚ್ಚು. ಎರೆ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಜ. ಆದರೆ ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಬೇರು ಹರಿಯುತ್ತದೆ, ಎರೆದ ನೀರು ಪಾತಾಳಕ್ಕೆ ಇಳಿಯುತ್ತದೆ. ಅಲ್ಲಿಯವರು ಕುರ್ಚಿಗಿಯಿಂದ ಮೇಲ್ಮಣ್ಣನ್ನು ಆಗಾಗ ಸಡಿಲಿಸಿ ಬಿರುಕು ಮುಚ್ಚುವುದು ಇದಕ್ಕಾಗಿ. ಕೊಪ್ಪಳ, ಕುಷ್ಟಗಿಯ ಮಸಾರಿ ನೆಲಕ್ಕೆ ಇದರ ವಿರುದ್ಧ ರೋಗ. ನೀರು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಹೂಳನ್ನು ರೈತರು ಹೊಲಕ್ಕೆ ಹೇರುವಾಗ ನಾಲ್ಕು ಬುಟ್ಟಿ ಕೇಳಿ ತಂದು ಪಾತಿಗೆ ಹಾಕಿಕೊಂಡರೆ ಹಿತ್ತಲಿನ ಚಹರೆಯೇ ಬದಲಾಗುತ್ತದೆ.

ಮಣ್ಣಿಗಿಂತ ನೀರಿನ ಕತೆ ಕಷ್ಟದ್ದು. ಕುಷ್ಟಗಿ, ಯಲಬುರ್ಗಾ, ಕೊಪ್ಪಳ ತಾಲ್ಲೂಕುಗಳ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು ಎಂಬುದು ಭಾರತೀಯ ಮಾನಕ. ಅದು ಮೀರಿದರೆ ಹಲ್ಲು ಕಂದುಗಟ್ಟುವುದು, ಮೂಳೆ ಬಾಗುವುದು ಈ ಸೀಮೆಗೆ ಹೊಸದಲ್ಲ. ಈ ಭಾಗದ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳು ನಿಂತಿರುವುದು ಇದೇ ಕಾರಣಕ್ಕೆ. ನಮ್ಮ ಹೂಗಿಡಗಳಲ್ಲಿ ಹೆಚ್ಚಿನವು ಫ್ಲೋರೈಡಿಗೆ ಅಷ್ಟಾಗಿ ಹೆದರುವುದಿಲ್ಲ. ಆದರೆ ಗ್ಲಾಡಿಯೋಲಸ್, ಡ್ರಸೀನಾದಂಥ ಅಲಂಕಾರದ ಗಿಡಗಳ ಎಲೆತುದಿ ಸುಟ್ಟಂತಾಗುತ್ತದೆ. ಬೆಂಗಳೂರಿನ ನರ್ಸರಿಯಿಂದ ತಂದ ಕುಂಡದ ಗಿಡ ಇಲ್ಲಿ ತುದಿಯಿಂದ ಒಣಗುತ್ತ ಬಂದರೆ ಬಿಸಿಲನ್ನೊಂದೇ ದೂರಬೇಡಿ.

ಹೂಗಿಡಕ್ಕೆ ಹೆಚ್ಚು ತೊಂದರೆ ಕೊಡುವುದು ಸವಳು. ಕುಂಡದ ಅಂಚಿನಲ್ಲಿ, ಪಾತಿಯ ಸುತ್ತ ಬಿಳಿಯ ಪುಡಿ ಕಟ್ಟಿದೆಯೆಂದರೆ ನೀರಿನಲ್ಲಿ ಉಪ್ಪು ಹೆಚ್ಚಿದೆ ಎಂದರ್ಥ. ಇಂಥ ಕಡೆ ದಿನವೂ ಚೂರುಚೂರು ನೀರು ಚಿಮುಕಿಸುವುದು ತಪ್ಪು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಬೇರಿನ ಬಳಿಯೇ ಉಳಿಯುತ್ತದೆ. ಎರಡು-ಮೂರು ದಿನಕ್ಕೊಮ್ಮೆ ಬುಡ ತುಂಬ ಎರೆದರೆ ಉಪ್ಪು ಕೆಳಕ್ಕೆ ಇಳಿಯುತ್ತದೆ. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಮನೆಯಲ್ಲಿ ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಹಾಕುವ ನೀರನ್ನು 'ವ್ಯರ್ಥವಾಗುತ್ತದಲ್ಲ' ಎಂದು ಗಿಡಕ್ಕೆ ಹಾಕುವವರು ಹೆಚ್ಚುತ್ತಿದ್ದಾರೆ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಸೇರಿರುವುದು ಅದರಲ್ಲಿಯೇ. ಮೂಲ ನೀರೇ ಸವಳಾಗಿರುವ ನಮ್ಮ ಕಡೆ ಅದು ನೆಲ ತೊಳೆಯಲು ಸರಿ, ಮಲ್ಲಿಗೆಗೆ ಸಲ್ಲ.

ಗಂಗಾವತಿಯವರ ಮುಂದೆ ಈ ಮಾತೆಲ್ಲ ಹೇಳಿದರೆ ನಕ್ಕಾರು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡು ಮುನಿರಾಬಾದಿನಿಂದ ಎಡದಂಡೆ ಕಾಲುವೆ ಹರಿದ ಮೇಲೆ ಅಲ್ಲಿ ಭತ್ತದ ಗದ್ದೆಗಳ ನಡುವೆ ಬಾವಿಗಳಲ್ಲೂ ನೀರು ಮೇಲೆ ಬಂತು. ಅಲ್ಲಿಯ ಕಷ್ಟ ಬೇರೆ. ಅತಿಯಾಗಿ ನೀರುಂಡ ನೆಲ ಸವಳು-ಜವಳಾಗುತ್ತದೆ. ಇದರ ಪರಿಹಾರಕ್ಕೆಂದೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ಕೆಲಸ ಮಾಡುತ್ತಿದೆ. ಜವಳು ನೆಲದಲ್ಲಿ ಮಲ್ಲಿಗೆಯನ್ನು ತಗ್ಗಿನ ಪಾತಿಯಲ್ಲಿ ಹಚ್ಚದೆ ಏರುಮಡಿಯಲ್ಲಿ ಹಚ್ಚಬೇಕು. ಕಾಲುವೆ ಬಂದಾಗುವ ಬೇಸಿಗೆಯಲ್ಲಿ ಅಲ್ಲಿಯ ಹಿತ್ತಲಿಗೂ ಲೆಕ್ಕ ಶುರುವಾಗುತ್ತದೆ.

ಪೂದೋಂಟದಿಂದ ಹಿತ್ತಲಿಗೆ

ಇಷ್ಟು ಒಣ ಸೀಮೆಯಲ್ಲಿ ಜನ ಹೂವಿಗೆ ಇಷ್ಟೊಂದು ಯಾಕೆ ಪರದಾಡುತ್ತಾರೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಇದು ಇಂದು ನಿನ್ನೆಯ ಹುಚ್ಚಲ್ಲ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ದೇವಾಲಯ ಕಟ್ಟಿಸಿದ. ಆ ಕಾಲದ ಶಾಸನಗಳನ್ನು ಓದಿದವರಿಗೆ 'ಪೂದೋಂಟ' ಎಂಬ ಮಾತು ಚಿರಪರಿಚಿತ. ದೇವರಿಗೆ ಗದ್ದೆ, ಗಾಣ ಬಿಟ್ಟಂತೆಯೇ ಹೂದೋಟವನ್ನೂ ದಾನ ಬಿಡುತ್ತಿದ್ದರು. ದಾನಕ್ಕೆ ಯೋಗ್ಯವೆಂದರೆ ಬೆಲೆಯುಳ್ಳದ್ದು, ಬೆಲೆಯುಳ್ಳದ್ದು ಯಾಕೆಂದರೆ ಅದಕ್ಕೆ ನೀರಿನ ಆಸರೆಯಿತ್ತು. ಅದೇ ಚಾಲುಕ್ಯರ ಆಳಿಕೆಯಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಗಿಡಮರಗಳ ಆರೈಕೆಯನ್ನು ಹೇಳುವ ವೃಕ್ಷಾಯುರ್ವೇದದ ಅಧ್ಯಾಯವೊಂದಿದೆ. ಕೈದೋಟದ ಪುಸ್ತಕ ಕನ್ನಡಕ್ಕೆ ಹೊಸದಲ್ಲ ಎಂದಾಯಿತು.

ವಿಜಯನಗರದ ಕಾಲಕ್ಕೆ ಬಂದರೆ, ಆನೆಗೊಂದಿ, ಗಂಗಾವತಿ ಭಾಗದಲ್ಲಿ ನದಿಗೆ ಅಡ್ಡಗಟ್ಟೆ ಕಟ್ಟಿ ತೋಡಿದ ಕಾಲುವೆಗಳು ಇಂದಿಗೂ ಹೊಲಗಳಿಗೆ ನೀರುಣಿಸುತ್ತಿವೆ. 1443ರಲ್ಲಿ ಹೊಳೆಯಾಚೆಯ ರಾಜಧಾನಿಗೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್, ಅಲ್ಲಿ ಎಲ್ಲಿ ನೋಡಿದರೂ ಗುಲಾಬಿ ಮಾರುತ್ತಿದ್ದುದನ್ನು ಕಂಡು ಬೆರಗಾದ. ಈ ಜನಕ್ಕೆ ಊಟದಷ್ಟೇ ಗುಲಾಬಿಯೂ ಅಗತ್ಯ ಎಂಬರ್ಥದ ಮಾತನ್ನು ಬರೆದಿಟ್ಟ. ನನ್ನ ಮೂರು ಗುಲಾಬಿಗಳು ಸತ್ತ ವರ್ಷ ಇದನ್ನು ಓದಿ ನನಗೆ ತುಸು ಹೊಟ್ಟೆಕಿಚ್ಚಾಯಿತು. ಅವರಿಗೆ ಕಾಲುವೆ ಇತ್ತು, ನನಗೆ ಕೊಡ.

ಆದರೆ ಆ ಹಳೆಯ ತೋಟಗಳಲ್ಲಿ ಇಂದಿನ ನಮ್ಮ ಹಿತ್ತಲಿನ ಕೆಲವು ಹೂಗಳು ಇರಲೇ ಇಲ್ಲ. ಚೆಂಡು ಹೂವಿಲ್ಲದೆ ನಮಗೆ ದಸರೆ-ದೀಪಾವಳಿ ಇಲ್ಲ, ಆದರೆ ಅದರ ತವರು ಮೆಕ್ಸಿಕೊ. ಸುಗಂಧರಾಜದ್ದೂ ಅದೇ ದೇಶ. ಕಾಗದದ ಹೂವು ದಕ್ಷಿಣ ಅಮೆರಿಕದ್ದು. ಇಟಗಿಯ ಮಹಾದೇವನಿಗೆ ಚೆಂಡು ಹೂವಿನ ಮಾಲೆ ಗೊತ್ತಿರಲಿಲ್ಲ. ಮಲ್ಲಿಗೆ, ಅಬ್ಬಲಿಗೆ ಮಾತ್ರ ಈ ಮಣ್ಣಿನ ಬಿಸಿಲನ್ನು ಬಲ್ಲ ಹಳಬರು.

ಹಳ್ಳಿಗಳಲ್ಲಿ ಹೂವು ಒದಗಿಸುವ ಕೆಲಸ ಹೂಗಾರರದಾಗಿತ್ತು. ಬೆಳಗಿನ ಪೂಜೆಯ ಹೊತ್ತಿಗೆ ಮನೆಮನೆಗೆ ಪತ್ರಿ, ಹೂವು ತಲುಪಿಸುತ್ತಿದ್ದರು. ಸುಗ್ಗಿಯಲ್ಲಿ ಅವರಿಗೆ ಕಾಳು ಸಲ್ಲುತ್ತಿತ್ತು. ಆ ಆಯದ ವ್ಯವಸ್ಥೆ ಸಡಿಲಾದಂತೆ ಹೂವು ಸಂತೆಗೆ ಬಂತು, ಮೊಳ-ಮಾರಿನ ಲೆಕ್ಕಕ್ಕೆ ಸಿಕ್ಕಿತು. ಮದುವೆಗಳೆಲ್ಲ ನಡೆಯುವ ವೈಶಾಖದಲ್ಲಿ ಅದರ ಬೆಲೆ ಕೇಳುವಂತಿಲ್ಲ. ಆ ತಿಂಗಳಲ್ಲಿ ಹಿತ್ತಲಲ್ಲಿ ಒಂದು ಮಲ್ಲಿಗೆ ಬಳ್ಳಿ ಇದ್ದ ಮನೆ ಅನುಕೂಲಸ್ಥರ ಮನೆ.

ಮಲ್ಲಿಗೆಯ ತಿಂಗಳು

ವಸಂತ ನಿಜವಾಗಿ ಒಲಿಯುವುದು ಮಲ್ಲಿಗೆಗೆ. ದುಂಡು ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದಲೇ ಕಾರ್ತಿಕ ಕಳೆದ ಮೇಲೆ, ನವೆಂಬರ್ ಕೊನೆಯಿಂದ, ಗಿಡವನ್ನು ನೆಲದಿಂದ ಒಂದೂವರೆ ಅಡಿ ಉಳಿಸಿ ಕತ್ತರಿಸಬೇಕು. ಕೆಲವು ದಿನ ನೀರು ತಡೆದು, ಆಮೇಲೆ ಗೊಬ್ಬರ ಕೊಟ್ಟು ಎರೆದರೆ ಮಾರ್ಚ್ ಹೊತ್ತಿಗೆ ಮೊಗ್ಗು ತುಂಬುತ್ತದೆ. ಚೈತ್ರದಲ್ಲಿ ದೊಡ್ಡ ಕತ್ತರಿ ಹಿಡಿಯಬಾರದು. ಹೂ ಮುಗಿದ ಟೊಂಗೆಯ ತುದಿಯನ್ನಷ್ಟೇ ಚಿವುಟಿದರೆ ಮತ್ತೊಂದು ಸರತಿ ಮೊಗ್ಗು ಬರುತ್ತದೆ. ಮೊಗ್ಗು ಬಿರಿಯುವುದು ಸಂಜೆಯ ನಂತರ. ಬಿಳಿ ಬಣ್ಣ, ರಾತ್ರಿಯ ಗಮ ಎರಡೂ ಇರುಳಲ್ಲಿ ಹಾರುವ ಪತಂಗಗಳನ್ನು ಕರೆಯುವ ಉಪಾಯ. ಕಟ್ಟುವ ಹೂವಿಗೆ ಮೊಗ್ಗನ್ನು ಬಿರಿಯುವ ಮೊದಲೇ ಬಿಡಿಸಬೇಕು.

ಅಬ್ಬಲಿಗೆಗೆ ಗಮವಿಲ್ಲ. ಆದರೆ ಬಿಡಿಸಿದ ಮೇಲೂ ಬಾಡದೆ ಉಳಿಯುವ ಗುಣವಿದೆ. ಅದಕ್ಕೆ ಪೂರ್ತಿ ಬಿಸಿಲು ಬೇಡ, ಮಧ್ಯಾಹ್ನ ನೆರಳು ಬೀಳುವ ಗೋಡೆಯ ಪಕ್ಕ ಸರಿಯಾದ ಜಾಗ. ನೀರು ಸಾಕಷ್ಟಿದ್ದೂ ಗಿಡ ಸೊರಗಿದರೆ ಬೇರನ್ನು ಗಂಟುಹುಳು ಹಿಡಿದಿರಬಹುದು. ಚೆಂಡು ಹೂವಿನ ಬೇರು ಆ ಹುಳುವನ್ನು ತಗ್ಗಿಸುತ್ತದೆ. ಹಳಬರು ಅಬ್ಬಲಿಗೆಯ ಮಡಿಯಲ್ಲಿ ಒಂದೆರಡು ಚೆಂಡು ಹೂವಿನ ಗಿಡ ಹಚ್ಚುತ್ತಿದ್ದುದು ಅಂದಕ್ಕೆಂದು ನಾನು ತಿಳಿದಿದ್ದೆ. 'ಡೆಲ್ಲಿ' ಎಂಬ ಹೆಸರಿನ ಕನಕಾಂಬರದಲ್ಲಿ ಬೀಜವೇ ಆಗುವುದಿಲ್ಲ, ಕಡ್ಡಿ ಹಚ್ಚಿಯೇ ಬೆಳೆಸಬೇಕು. ಅದನ್ನು ಬೆಳೆದ ಮನೆಯ ಮಕ್ಕಳಿಗೆ ಕಾಯಿ ಸಿಡಿಸುವ ಆಟವಿಲ್ಲ.

ದಾಸವಾಳಕ್ಕೆ ಈ ಕಾಲದಲ್ಲಿ ಬಿಳಿಯ ಹಿಟ್ಟು ತಿಗಣೆ ಮುತ್ತುತ್ತದೆ. ಮೊದಲ ದಿನಗಳಲ್ಲೇ ನೀರಿನ ಧಾರೆಯಿಂದ ತೊಳೆದು, ತುಸು ಸಾಬೂನು ಕಲಕಿದ ಬೇವಿನೆಣ್ಣೆ ನೀರನ್ನು ಸಂಜೆ ಚಿಮುಕಿಸಿದರೆ ಹತೋಟಿಗೆ ಬರುತ್ತದೆ. ಕಾಗದದ ಹೂವಿಗೆ ಹೆಚ್ಚು ನೀರು ಹಾಕಿದರೆ ಬರೀ ಎಲೆ, 'ಸತ್ತರೆ ಸಾಯಲಿ' ಎಂದು ಬಿಟ್ಟರೆ ಮೈತುಂಬ ಬಣ್ಣ. ನೀರಿಲ್ಲದವರ ಗಿಡ ಅದು. ಕಣಗಿಲೆಯೂ ಅಷ್ಟೇ ಗಟ್ಟಿ. ಆದರೆ ಅದರ ಎಲೆ, ಹಾಲು ಎಲ್ಲವೂ ವಿಷ, ಚಿಕ್ಕ ಮಕ್ಕಳು, ದನಕರು ಇರುವ ಮನೆಯವರು ನೆನಪಿಡಬೇಕು. ಮಾಳಿಗೆಯ ಮೇಲೆ ಕುಂಡವಿಟ್ಟವರು ಅವನ್ನು ಕಾದ ಸಿಮೆಂಟಿನಿಂದ ಮೇಲೆತ್ತಿ ಇಟ್ಟಿಗೆಯ ಮೇಲೆ, ಒಂದಕ್ಕೊಂದು ತಾಗುವಂತೆ, ಗೋಡೆಯ ಪೂರ್ವಕ್ಕೆ ಜೋಡಿಸಿದರೆ ಅರ್ಧ ಕೆಲಸ ಮುಗಿದಂತೆ.

ನಮ್ಮ ಹಿತ್ತಲಿನ ದುಂಡು ಮಲ್ಲಿಗೆಯನ್ನು ಹಚ್ಚಿದವಳು ಅಜ್ಜಿ. ಅವಳ ಗಂಡ ತೀರಿಕೊಂಡಾಗ ನನ್ನವ್ವನಿಗೆ ಆರು ವರ್ಷ. ಅಲ್ಲಿಂದೀಚೆಗೆ ಅಜ್ಜಿ ಹೂ ಮುಡಿದಿಲ್ಲ. ಗಂಡ ಸತ್ತವಳು ಮುಡಿಯಬಾರದೆಂಬುದು ನಮ್ಮ ಕಡೆಯ ರೂಢಿ. ಈಗ ಕೆಲವು ಮನೆಗಳಲ್ಲಿ ಸಡಿಲಾಗಿದೆ, ಎಲ್ಲ ಕಡೆ ಆಗಿಲ್ಲ. ಆದರೆ ಐವತ್ತು ಬೇಸಿಗೆಗಳಲ್ಲಿ ಆ ಗಿಡಕ್ಕೆ ನೀರು ತಪ್ಪಿಸಿದವಳಲ್ಲ. ನೀರಿಗೆ ಪಾಳಿ ಹಚ್ಚಿ ನಿಂತ ಬರದ ವರ್ಷಗಳಲ್ಲೂ ಮುಖ ತೊಳೆದ ನೀರನ್ನು ಬೋಗುಣಿಯಲ್ಲಿ ಹಿಡಿದಿಟ್ಟು ತಂದು ಎರೆಯುತ್ತಿದ್ದಳಂತೆ. ಮೊಗ್ಗು ಬಿಡಿಸಿ ದೇವರಿಗಷ್ಟು, ಅವ್ವನಿಗಷ್ಟು, ಓಣಿಯ ಹುಡುಗಿಯರಿಗಷ್ಟು ಹಂಚಿದ ಮೇಲೆ ಹತ್ತು-ಹನ್ನೆರಡು ಉಳಿಸಿಕೊಳ್ಳುತ್ತಾಳೆ. ಅವನ್ನು ನೀರು ಹಾಕಿದ ಬಟ್ಟಲಲ್ಲಿಟ್ಟು ತಲೆದಿಂಬಿನ ಹತ್ತಿರ ಇರಿಸಿಕೊಂಡು ಮಲಗುತ್ತಾಳೆ. ಯಾಕಜ್ಜಿ ಎಂದು ಒಮ್ಮೆ ಕೇಳಿದ್ದೆ. "ಮುಡೀಬಾರ್ದು ಅಂದಾರ. ಮೂಸಬಾರ್ದು ಅಂತ ಯಾರೂ ಅಂದಿಲ್ಲಲ್ಲ" ಎಂದಳು.

ಈಗ ಅವಳಿಗೆ ಕೊಡ ಎತ್ತಲಾಗುವುದಿಲ್ಲ. ಎರೆಯುವ ಕೆಲಸ ನನ್ನದು, ಕಟ್ಟೆಯ ಮೇಲೆ ಕೂತು ಯಾವ ಗಿಡಕ್ಕೆ ಯಾವ ನೀರು ಎಂದು ಹೇಳುವುದು ಅವಳದು. ಕಳೆದ ವರ್ಷ ಮಿರಗ ಕೂಡಿದ ಸಂಜೆ ಮೊದಲ ಹನಿಗಳು ಬಿದ್ದಾಗ ಅಬ್ಬಲಿಗೆಯ ಒಣಗಾಯಿಗಳು ಹಿತ್ತಲ ತುಂಬ ಚಟಚಟ ಸಿಡಿಯತೊಡಗಿದವು. ಮಾರನೆಯ ದಿನ ಅಜ್ಜಿಯೇ ಗುಂಡಿಯ ಜಾಗ ತೋರಿಸಿದಳು. ಒಂದೇ ಗುಲಾಬಿ ಹಚ್ಚಿದೆ. ಈ ಚೈತ್ರದಲ್ಲಿ ಅದಕ್ಕೆ ನಾಲ್ಕು ಮೊಗ್ಗಿವೆ, ಬುಡದಲ್ಲಿ ಸೋರುವ ಗಡಿಗೆಯಿದೆ.